ಜೋಡಿ ಎಂಜಿನಿನ ದೋಣಿ

ಗಾಳಿಬೀಡಿನಲ್ಲಿ ಕುಳಿತು ದೋಣಿಯ ವಿಚಾರವನ್ನು ಬರೆಯುವುದೆಂದರೆ ಬಯಲುಸೀಮೆಯವನು ಏಲಕ್ಕಿಯ ಬೇಸಾಯವನ್ನು ವರ್ಣಿಸಿದಂತೆ ಎಂದು ವಾಚಕರಲ್ಲಿ ಕೆಲವರಾದರೂ ನಗಬಹುದು. ಮಡಿಕೇರಿಗೆ ಸಮೀಪದ ಈ ಘಟ್ಟದಂಚಿನ ಊರಿನಲ್ಲಿ ಹೆಸರಿಗೆ ತಕ್ಕಂತೆ ಗಾಳಿಯುಂಟು, ಮಳೆಯಂತೂ ಬೇಕಾದುದಕ್ಕಿಂತ ಹೆಚ್ಚಾಗಿ ಉಂಟು. ದೋಣಿ ತೇಲಿಸುವಷ್ಟು ಅಗಲವಾದ ನೀರು ಮಾತ್ರ ಇಲ್ಲ. ಆದರೆ ಇಲ್ಲಿ ಬಿದ್ದ ಮಳೆ ಇಲ್ಲಿಯೇ ನಿಲ್ಲುವುದಿಲ್ಲವಷ್ಟೆ. ಘಟ್ಟದ ಮೂಡಣ ಇಳಿಜಾರಿನ ನೀರು ಹಾರಂಗಿಯನ್ನು ಸೇರಿ, ಹಾರಂಗಿ ಕಾವೇರಿಯನ್ನು ಸೇರಿ, ಬಂಗಾಳ ಕೊಲ್ಲಿಗೆ ಹೋಗುವುದು. ಸುಬ್ರಹ್ಮಣ್ಯಕ್ಕೆ ಇಳಿಯುವ ಕಡಮಕಲ್ಲಿನ ಹಾದಿಯ ಕಡೆಗೆ, ಎಂದರೆ ಪಡುವಣಕ್ಕೆ, ಹರಿದ ನೀರು ತುಳುನಾಡಿನ ಹೊಳೆಗಳಿಗೆ ಬೀಳುವುದು. ಅವುಗಳಲ್ಲಿ ಹಿರಿದಾದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಅಳಿವೆಬಾಗಿಲಿನಲ್ಲಿ ಅರಬ್ಬಿ ಸಮುದ್ರವನ್ನು ಹೊಗುವುದು. ನಮ್ಮ ಮನೆಯ ಸೂರಿನ ನೀರು ಹೋಗಿ ಸೇರುವ ಆ ಬಾಗಿಲಿನಲ್ಲಿ ದಿನವೂ ದೋಣಿಗಳು ಪ್ರಾಣವನ್ನು ಪಣವಾಗಿಟ್ಟು ಒಳಗೆ ಹೊರಗೆ ಓಡಾಡುತ್ತಿವೆ.

ದೋಣಿಯ ವಿಚಾರ ನಮಗೆ ಮನೆಯ ವಿಚಾರವಾದದ್ದು ೨೦೧೮ರ ಆಗಸ್ಟ್ ತಿಂಗಳಿನಲ್ಲಿ. ಆ ತಿಂಗಳ ನಡುವಿನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಕಾಲೂರುಗಳ ಕಡೆಯಲ್ಲಿ ಬೆಟ್ಟಗಳು ಕುಸಿದವು. ಕುಶಾಲನಗರದ ಬಡಾವಣೆಗಳಿಗೆ ಹೊಳೆ ನುಗ್ಗಿತು. ಮರುವರ್ಷ, ೨೦೧೯ರ ಆಗಸ್ಟಿನಲ್ಲಿ, ಕಾವೇರಿ ಮತ್ತೆ ಉಕ್ಕಿದಾಗ ಕುಶಾಲನಗರದಲ್ಲಿಯೂ ಸಿದ್ದಾಪುರದ ಕರಡಿಗೋಡಿನಲ್ಲಿಯೂ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ನಮ್ಮ ಬೆಟ್ಟಗಳು ಕುಸಿದ ಆ ೨೦೧೮ರ ವಾರದಲ್ಲಿಯೇ ನೆರೆಯ ಕೇರಳದ ಮೀನುಗಾರರು ತಮ್ಮ ಕಡಲಿನ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಚೆಂಗನ್ನೂರು ಮೊದಲಾದ ಒಳನಾಡಿನ ಊರುಗಳಿಗೆ ಬಂದು, ಮಾಳಿಗೆಯ ಮೇಲೆ ಕುಳಿತಿದ್ದ ಸಾವಿರಾರು ಜನರನ್ನು ಇಳಿಸಿಕೊಂಡು ಹೋದರು. ಹರಿಗೋಲು ತೆಪ್ಪಗಳನ್ನು ಮಾತ್ರ ಬಲ್ಲ ಅನೇಕ ಗೃಹಸ್ಥರು ದೋಣಿಯ ಹಿಂಬದಿಗೆ ತಗುಲಿಸಿದ ಆ ಚಿಕ್ಕ ಯಂತ್ರವನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದ್ದು ಆಗಲೇ ಇರಬೇಕು.

ಇದಕ್ಕೆ ಔಟ್‌ಬೋರ್ಡ್ ಎಂಜಿನು ಎಂದು ಹೆಸರು. ದೋಣಿಯ ಹೊಟ್ಟೆಯೊಳಗೆ ಕೂರಿಸಿದುದಲ್ಲ, ಹೊರಗೆ ತಗುಲಿಸಿದುದು ಎಂಬುದೇ ಅದರ ಅರ್ಥ. ಮೇಲೆ ಎಂಜಿನು, ನಡುವೆ ಉದ್ದವಾದ ಕಾಲು, ನೀರಿನೊಳಗೆ ಮೀನುಗಾರರು ಫ್ಯಾನೆಂದು ಕರೆಯುವ ಪಂಖ. ಈ ಯಂತ್ರವನ್ನು ಮಾರುಕಟ್ಟೆಗೆ ತಂದು ಹೆಸರು ಮಾಡಿದವನು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಓಲೆ ಎವಿನ್‌ರೂಡ್ ಎಂಬಾತ, ಕಾಲ ೧೯೦೯. ಬೇಸಗೆಯ ಒಂದು ದಿನ ಈತನು ತಾನು ಮದುವೆಯಾಗಲಿದ್ದ ಹುಡುಗಿಗಾಗಿ ಐಸ್‌ಕ್ರೀಮು ತರಲು ಕೆರೆಯನ್ನು ಹುಟ್ಟುಹಾಕಿಕೊಂಡು ದಾಟಿದನಂತೆ. ಮರಳಿ ಬರುವಷ್ಟರಲ್ಲಿ ಅದೆಲ್ಲ ಕರಗಿ ನೀರಾಗಿತ್ತಂತೆ. ಆ ಬೇಸರದಲ್ಲಿ ಈ ಯಂತ್ರವನ್ನು ಯೋಚಿಸಿದನಂತೆ. ಕಥೆಯಲ್ಲಿ ನಿಜವೆಷ್ಟೋ ಅಲಂಕಾರವೆಷ್ಟೋ, ಹುಡುಗಿಯಂತೂ ನಿಜ. ಮುಂದೆ ಆತನ ಪತ್ನಿಯಾದ ಬೆಸ್ ಎಂಬ ಆಕೆಯೇ ವ್ಯಾಪಾರದ ಲೆಕ್ಕಪತ್ರಗಳನ್ನೂ ಜಾಹೀರಾತುಗಳನ್ನೂ ನೋಡಿಕೊಂಡು ಕಾರ್ಖಾನೆಯನ್ನು ನಿಲ್ಲಿಸಿದಳು. ಆ ಮೊದಲ ಎಂಜಿನಿನ ಬಲ ಒಂದೂವರೆ ಅಶ್ವಶಕ್ತಿ.

ಔಟ್‌ಬೋರ್ಡಿನ ದೋಣಿಗೆ ಬೇರೆ ಚುಕ್ಕಾಣಿಯಿಲ್ಲ ಎಂಬುದನ್ನು ವಾಚಕರು ಮೊದಲು ಗಮನಿಸಬೇಕು. ಎಂಜಿನೇ ಚುಕ್ಕಾಣಿ. ಅದರ ಹಿಡಿಯನ್ನು ಎಡಕ್ಕೆ ನೂಕಿದರೆ ದೋಣಿಯ ಮೂತಿ ಬಲಕ್ಕೆ ಹೊರಳುವುದು. ಬಲಕ್ಕೆ ನೂಕಿದರೆ ಎಡಕ್ಕೆ. ಹೊಸಬನು ತಡಬಡಿಸುವುದು ಇಲ್ಲಿಯೇ. ಇನ್ನೂ ಒಂದು ಮಾತುಂಟು. ಗಾಡಿ ಮುಂದಿನಿಂದ ತಿರುಗುವುದು, ದೋಣಿ ಹಿಂದಿನಿಂದ ತಿರುಗುವುದು. ಮೂತಿ ಬಲಕ್ಕೆ ಹೋಗಬೇಕಾದರೆ ಬಾಲ ಎಡಕ್ಕೆ ಬೀಸಬೇಕು. ದಕ್ಕೆಯಿಂದ ಹೊರಡುವಾಗ ಮೂತಿಯನ್ನು ಅವಸರದಲ್ಲಿ ಹೊರಗೆ ತಿರುಗಿಸಿದವನ ದೋಣಿ ಹಿಂಬದಿಯನ್ನು ಕಲ್ಲಿಗೆ ಬಡಿದುಕೊಳ್ಳುವುದು ಇದರಿಂದಲೇ. ಎಲ್ಲಕ್ಕಿಂತ ಮುಖ್ಯವಾದುದು, ಫ್ಯಾನು ನೀರನ್ನು ತಳ್ಳುತ್ತಿರುವಷ್ಟು ಹೊತ್ತು ಮಾತ್ರ ಈ ಚುಕ್ಕಾಣಿಗೆ ಜೀವ. ವೇಗ ತಗ್ಗಿಸಿದೊಡನೆ ಹಿಡಿತವೂ ತಗ್ಗುವುದು. ಎಂಜಿನು ನಿಂತರೆ ಹಿಡಿಯನ್ನು ಎತ್ತ ತಿರುಗಿಸಿದರೂ ಒಂದೇ. ಈ ಮಾತು ಮುಂದೆ ಬೇಕಾಗುವುದು.

ನಮ್ಮ ಕರಾವಳಿಯ ನಾಡದೋಣಿಗಳಿಗೆ ಈ ಎಂಜಿನು ಹರಡಿದ್ದು ೧೯೮೦ರ ದಶಕದಿಂದೀಚೆಗೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಉಪ್ಪುಂದ, ಭಟ್ಕಳ, ಎಲ್ಲಿ ನೋಡಿದರೂ ಮೊಗವೀರರು, ಖಾರ್ವಿಗಳು ಮೊದಲಾದವರ ದೋಣಿಗಳ ಹಿಂಬದಿಯಲ್ಲಿ ಅದು ತಲೆಯೆತ್ತಿ ನಿಂತಿರುತ್ತದೆ. ಕಾಸರಗೋಡಿನಿಂದ ತೆಂಕಲಿಗೆ, ದೊಡ್ಡ ಸುತ್ತುಬಲೆಯನ್ನು ಹೊತ್ತ ಉದ್ದನೆಯ ದೋಣಿಗಳಲ್ಲಿ ಎರಡು, ಕೆಲವೊಮ್ಮೆ ಮೂರು ಎಂಜಿನುಗಳನ್ನು ಸಾಲಾಗಿ ತಗುಲಿಸುವುದೂ ಉಂಟು.

ಎರಡೇಕೆ, ದೊಡ್ಡದಾದ ಒಂದೇ ಸಾಲದೆ ಎಂದು ಮನೆಯ ಲೆಕ್ಕ ಬಲ್ಲ ಗೃಹಿಣಿ ಕೇಳಿದರೆ ಅದು ತಕ್ಕ ಪ್ರಶ್ನೆಯೇ ಸರಿ. ಸುಮಾರು ೧೦ ಅಶ್ವಶಕ್ತಿಯ ಎಂಜಿನಿನ ತೂಕ ೪೦ ಕಿಲೋಗ್ರಾಮಿನ ಆಸುಪಾಸು. ಸಂಜೆ ಅದನ್ನು ಬಿಚ್ಚಿ ಹೆಗಲ ಮೇಲಿಟ್ಟು ಮನೆಗೆ ಒಯ್ಯಬಹುದು. ದೊಡ್ಡ ಎಂಜಿನಿಗೆ ನಾಲ್ಕು ಆಳು ಬೇಕು, ಕೆಟ್ಟರೆ ದೋಣಿಯೇ ಮನೆಯಲ್ಲಿ ಕೂರುವುದು. ಆದರೆ ಎಂಜಿನು ಎರಡಾದೊಡನೆ ಓಟವೂ ಎರಡರಷ್ಟಾಗುವುದೆಂದು ನಂಬಿದವನು ಸೀಮೆಎಣ್ಣೆಯ ಲೆಕ್ಕದಲ್ಲಿ ಮೋಸಹೋಗುವನು. ನೀರನ್ನು ಸೀಳಿಕೊಂಡು ಹೋಗುವ ಭಾರವಾದ ದೋಣಿಗೆ ಬೇಕಾಗುವ ಬಲ ವೇಗದ ಘನಕ್ಕೆ ಸರಿಯಾಗಿ ಏರುತ್ತದೆ. ಆದ್ದರಿಂದ ಬಲ ಇಮ್ಮಡಿಯಾದರೆ ವೇಗ ಸುಮಾರು ಕಾಲುಪಾಲು ಮಾತ್ರ ಹೆಚ್ಚುವುದು. ಒಂದರಲ್ಲಿ ಗಂಟೆಗೆ ೬ ಮೈಲಿ ಹೋಗುತ್ತಿದ್ದ ದೋಣಿ ಎರಡರಲ್ಲಿ ೭ ಮೈಲಿ ಮುಕ್ಕಾಲನ್ನೂ ಮುಟ್ಟಲಾರದು, ಎಣ್ಣೆಯನ್ನು ಮಾತ್ರ ಇಮ್ಮಡಿಯಾಗಿ ಕುಡಿಯುವುದು. ಇದನ್ನೇ ತಿರುಗುಮುರುಗಾಗಿ ಓದಿದರೆ ಸಮಾಧಾನವೂ ಇದೆ. ಎರಡರಲ್ಲಿ ಒಂದು ಕೆಟ್ಟುಹೋದರೂ ದೋಣಿ ಅರ್ಧಕ್ಕೆ ಇಳಿಯುವುದಿಲ್ಲ. ತನ್ನ ವೇಗದ ಮುಕ್ಕಾಲಿಗಿಂತ ಹೆಚ್ಚು ಪಾಲನ್ನು ಉಳಿಸಿಕೊಂಡು ದಡಕ್ಕೆ ಬರಬಲ್ಲುದು. ನೀರಿನ ಮೇಲೆ ಜಾರಿ ಓಡುವ ಹಗುರವಾದ ವೇಗದ ದೋಣಿಗಳಿಗೆ ಈ ಲೆಕ್ಕ ಸಲ್ಲದು. ಅವು ಒಂದು ಎಂಜಿನಿನಲ್ಲಿ ಮೇಲಕ್ಕೇಳಲಾರದೆ ನೀರಿನಲ್ಲಿ ಕುಳಿತುಬಿಡುವುವು.

ಎರಡು ಎಂಜಿನುಗಳ ನಿಜವಾದ ಲಾಭವಿರುವುದು ದೋಣಿಯನ್ನು ತಿರುಗಿಸುವುದರಲ್ಲಿ. ಇದನ್ನು ತಿಳಿಯಲು ಉಳುವವನನ್ನು ನೋಡಿದರೆ ಸಾಕು. ಗದ್ದೆಯ ಮೂಲೆಯಲ್ಲಿ ನೇಗಿಲನ್ನು ಬಲಕ್ಕೆ ತಿರುಗಿಸಬೇಕಾದಾಗ ಅವನು ಬಲಗೋಲಿನ ಎತ್ತನ್ನು ತಡೆದು ಎಡಗೋಲಿನ ಎತ್ತನ್ನು ಮುಂದಕ್ಕೆ ಬಿಡುವನು. ನೊಗ ತಾನಾಗಿ ತಿರುಗುವುದು. ಜೋಡಿ ಎಂಜಿನಿನ ದೋಣಿಯೂ ಹಾಗೆಯೇ. ಎಡದ ಎಂಜಿನಿನ ವೇಗ ಹೆಚ್ಚಿಸಿದರೆ ಮೂತಿ ಬಲಕ್ಕೆ ಬರುವುದು, ಬಲದ್ದನ್ನು ಹೆಚ್ಚಿಸಿದರೆ ಎಡಕ್ಕೆ. ಎತ್ತಿಗೆ ಸಾಧ್ಯವಿಲ್ಲದ ಒಂದು ಕೆಲಸವನ್ನೂ ಎಂಜಿನು ಮಾಡಬಲ್ಲುದು. ಎಡದ್ದನ್ನು ಮುಂದಕ್ಕೂ ಬಲದ್ದನ್ನು ಹಿಂದಕ್ಕೂ ಹಾಕಿದರೆ ದೋಣಿ ಮುಂದೆಯೂ ಹೋಗದೆ ಹಿಂದೆಯೂ ಸರಿಯದೆ ನಿಂತಲ್ಲಿಯೇ ಬುಗುರಿಯಂತೆ ಬಲಕ್ಕೆ ಹೊರಳುವುದು. ದೋಣಿಗೆ ದೋಣಿ ಒತ್ತಿ ನಿಂತ ಬಂದರಿನಲ್ಲಿ ಈ ವಿದ್ಯೆಯನ್ನು ಬಲ್ಲ ತಾಂಡೇಲನು ತನ್ನ ದೋಣಿಯ ಉದ್ದದಷ್ಟೇ ಜಾಗದಲ್ಲಿ ತಿರುಗಿಸಿ ಹೊರಬೀಳುವುದನ್ನು ನೋಡುವುದೇ ಒಂದು ಸೊಗಸು.

ಆದರೆ ಅದಕ್ಕೆ ಕ್ರಮವುಂಟು. ಎರಡು ಎಂಜಿನುಗಳೂ ನೆಟ್ಟಗೆ ಹಿಂದಕ್ಕೆ ನೋಡುತ್ತಿರಬೇಕು; ಹಿಡಿಯ ಗೊಡವೆಗೆ ಹೋಗದೆ ವೇಗದ ಕೀಲುಗಳಿಂದಲೇ ಕೆಲಸ ತೆಗೆಯಬೇಕು. ವೇಗ ಆದಷ್ಟು ಕಡಿಮೆ ಇರಬೇಕು. ಮುಂದಿನಿಂದ ಹಿಂದಕ್ಕೆ ಹಾಕುವಾಗ ನಡುವೆ ಒಂದು ಕ್ಷಣ ಗೇರನ್ನು ಖಾಲಿ ಬಿಡಬೇಕು. ಅವಸರಪಟ್ಟವನು ಹಲ್ಲು ಮುರಿದುಕೊಳ್ಳುವನು, ಎಂಜಿನಿನ ಹಲ್ಲು. ಫ್ಯಾನಿನ ಎಲೆಗಳನ್ನು ಮುಂದೆ ತಳ್ಳುವುದಕ್ಕಾಗಿ ಬಳುಕಿಸಿರುವುದರಿಂದ ಹಿಂದಕ್ಕೆ ಅದರ ಬಲ ಕಡಿಮೆ. ಆದುದರಿಂದ ಹಿಂದಕ್ಕೆ ಹಾಕಿದ ಕಡೆಗೆ ತುಸು ಹೆಚ್ಚು ವೇಗ ಕೊಟ್ಟರೆ ತೂಕ ಸರಿಯಾಗುವುದು. ಎಂಜಿನುಗಳ ನಡುವಣ ಅಂತರ ಹೆಚ್ಚಿದ್ದಷ್ಟೂ ಈ ತಿರುವು ಸುಲಭ. ಉದ್ದನೆಯ ನೊಗಕ್ಕೆ ಹೆಚ್ಚು ಹಿಡಿತವಿರುವಂತೆ.

ನೊಗವೆಂದೆನಲ್ಲ, ಜೋಡಿ ಎಂಜಿನಿಗೂ ನೊಗವೊಂದು ಬೇಕು. ಎರಡರ ಹಿಡಿಗಳನ್ನೋ ಮುಂದಣ ಕಿವಿಗಳನ್ನೋ ಸೇರಿಸಿ ಕಟ್ಟುವ ಅಡ್ಡಸರಳೇ ಅದು. ಅದಿಲ್ಲದೆ ಇಬ್ಬರು ಆಳುಗಳು ಒಂದೊಂದು ಹಿಡಿಯನ್ನು ಹಿಡಿದರೆ, ಇಬ್ಬರ ಮನಸ್ಸೂ ಒಂದಾಗಿರುವವರೆಗೆ ಸರಿ. ಒಬ್ಬನು ಎಡಕ್ಕೂ ಇನ್ನೊಬ್ಬನು ಬಲಕ್ಕೂ ತಿರುಗಿಸಿದ ದಿನ ಎಂಜಿನುಗಳು ಒಂದನ್ನೊಂದು ಕಾದಾಡುವುವೇ ಹೊರತು ದೋಣಿಯನ್ನು ನಡೆಸುವುದಿಲ್ಲ. ಎರಡು ಮೂರು ಹಿಡಿಗಳಿದ್ದರೂ ಅಪ್ಪಣೆ ಕೊಡುವ ಬಾಯಿ ಒಂದೇ ಇರತಕ್ಕುದು.

ಫ್ಯಾನು ತಿರುಗುವ ದಿಕ್ಕಿನಲ್ಲಿಯೂ ಒಂದು ಸೂಕ್ಷ್ಮವಿದೆ. ಒಂದೇ ದಿಕ್ಕಿಗೆ ತಿರುಗುವ ಫ್ಯಾನು ದೋಣಿಯ ಹಿಂಬದಿಯನ್ನು ಮೆಲ್ಲನೆ ಒಂದು ಪಕ್ಕಕ್ಕೆ ಎಳೆಯುತ್ತಿರುತ್ತದೆ. ನಡೆಸುವವನ ಕೈ ಅದನ್ನು ಅರಿಯದೆಯೇ ಸರಿಪಡಿಸುತ್ತಿರುತ್ತದೆ. ದೊಡ್ಡ ಎಂಜಿನುಗಳಲ್ಲಿ ಒಂದು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗುವ ಜೋಡಿ ದೊರೆಯುವುದರಿಂದ ಎರಡೆಳೆತಗಳೂ ವಜಾ ಆಗುವುವು. ನಾಡದೋಣಿಯ ಚಿಕ್ಕ ಎಂಜಿನುಗಳಲ್ಲಿ ಈ ಏರ್ಪಾಡಿಲ್ಲ. ಎಳೆತ ಎರಡರಷ್ಟಾಗುವುದನ್ನು ಸಹಿಸಿಕೊಂಡೇ ನಡೆಯಬೇಕು. ಇದಲ್ಲದೆ, ಒಂದೇ ಎಂಜಿನಾದರೆ ಅದು ದೋಣಿಯ ನಡುವಿನಲ್ಲಿ ಆಳವಾಗಿರುವುದು; ಎರಡಾದರೆ ಎರಡು ಬದಿಗಳಲ್ಲಿರುವುವು. ಬಿರುಸಾಗಿ ತಿರುಗುವಾಗ ದೋಣಿ ಓರೆಯಾಗಿ, ಹೊರಬದಿಯ ಫ್ಯಾನು ನೀರಿನ ಮೇಲ್ಮೈಗೆ ಬಂದು ಗಾಳಿಯನ್ನು ಹೀರಿಕೊಳ್ಳಬಹುದು. ಆಗ ಎಂಜಿನು ಹುಚ್ಚೆದ್ದು ಕೂಗುವುದು, ತಳ್ಳುವ ಬಲ ಮಾತ್ರ ಇಲ್ಲ. ಕೂಗು ಕೇಳಿದೊಡನೆ ಅದರ ವೇಗವನ್ನು ತಗ್ಗಿಸಿ, ಫ್ಯಾನು ನೀರನ್ನು ಮತ್ತೆ ಕಚ್ಚಿದ ಮೇಲೆ ಏರಿಸುವುದೇ ದಾರಿ.

ಒಂದು ಎಂಜಿನು ನಡುಗಡಲಿನಲ್ಲಿ ನಿಂತಿತೆನ್ನಿ. ಉಳಿದುದು ಒಂದು ಬದಿಯಿಂದ ಮಾತ್ರ ತಳ್ಳುವುದರಿಂದ ದೋಣಿ ಸತ್ತ ಎಂಜಿನಿನ ಕಡೆಗೇ ತಿರುಗುತ್ತಿರುವುದು. ಹಿಡಿಯನ್ನು ಅದಕ್ಕೆ ತಕ್ಕಷ್ಟು ಓರೆಯಾಗಿ ಹಿಡಿದು, ಸತ್ತುದನ್ನು ನೀರಿನಿಂದ ಮೇಲಕ್ಕೆತ್ತಿ ಕಟ್ಟಿ, ಮೆಲ್ಲನೆ ಬರಬೇಕು. ಬಲೆಯೋ ಹಗ್ಗವೋ ಫ್ಯಾನಿಗೆ ಸುತ್ತಿಕೊಂಡು ನಿಂತಿದ್ದರೆ ಮೊದಲು ಎರಡನ್ನೂ ನಿಲ್ಲಿಸಬೇಕು. ಇಲ್ಲದಿದ್ದರೆ ಅದೇ ಬಲೆಯ ಇನ್ನೊಂದು ಕೊನೆ ಒಳ್ಳೆಯ ಎಂಜಿನನ್ನೂ ನುಂಗುವುದು. ಕಲ್ಲಿಗೆ ತಗುಲಿದಾಗ ಚಿಕ್ಕ ಎಂಜಿನುಗಳಲ್ಲಿ ಫ್ಯಾನಿನ ಪಿನ್ನು ತಾನು ತುಂಡಾಗಿ ಗೇರನ್ನು ಉಳಿಸುತ್ತದೆ. ನಾಲ್ಕು ಪಿನ್ನುಗಳನ್ನು ಜೇಬಿನಲ್ಲಿ ಇಟ್ಟುಕೊಂಡವನು ಅರ್ಧ ಗಂಟೆಯಲ್ಲಿ ಮನೆಯ ದಾರಿ ಹಿಡಿಯುವನು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುವ ಮಾತು. ಎರಡು ಎಂಜಿನುಗಳಿದ್ದರೆ ಒಂದಕ್ಕೊಂದು ಆಸರೆ ಎಂದು ಜನರು ಹೇಳುವರು. ಇವೆರಡೂ ನಿಜವಾಗಿ ಬೇರೆ ಬೇರೆಯಾಗಿದ್ದರೆ ಮಾತ್ರ ಆ ಮಾತು ಸತ್ಯ. ಎರಡಕ್ಕೂ ಒಂದೇ ಡಬ್ಬದಿಂದ ಎಣ್ಣೆ ಹೋಗುತ್ತಿದ್ದು ಆ ಡಬ್ಬದೊಳಗೆ ನೀರು ಸೇರಿದ್ದರೆ, ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು ಕುಳಿತು, ದೋಣಿ ಹೊಯ್ದಾಡುವ ಗಳಿಗೆಯಲ್ಲಿಯೇ ಕೊಳವೆಗೆ ನುಗ್ಗಿ, ಎರಡು ಎಂಜಿನುಗಳೂ ಐದು ನಿಮಿಷದ ಅಂತರದಲ್ಲಿ ಸಾಯುವುವು. ಆಗ ಜೋಡಿಯಿಂದ ಬಂದ ಲಾಭವೇನು? ಎರಡು ಡಬ್ಬ, ಎರಡು ಕೊಳವೆ, ಎರಡು ಸೋಸುಬಟ್ಟಲು ಎಂಬುದು ದುಂದುಗಾರಿಕೆಯಲ್ಲ. ಎಣ್ಣೆಯನ್ನು ಬೇರೆ ಬೇರೆ ದಿನ ತುಂಬಿಸಿದ್ದರೆ ಮತ್ತೂ ಒಳ್ಳೆಯದು. ಎಂಜಿನನ್ನು ತಣಿಸುವ ನೀರೂ ಹೀಗೆಯೇ. ಔಟ್‌ಬೋರ್ಡು ತನ್ನ ಕಾಲಿನಿಂದ ಕಡಲನೀರನ್ನೇ ಹೀರಿ, ಒಡಲನ್ನು ತಣಿಸಿಕೊಂಡು, ಹಿಂಬದಿಯಲ್ಲಿ ಸಣ್ಣ ಪಿಚಕಾರಿಯಂತೆ ಹೊರಗೆ ಚಿಮ್ಮಿಸುತ್ತದೆ. ಆ ಪಿಚಕಾರಿ ನಿಂತರೆ ಕಾಲಿಗೆ ಮರಳೋ ಪ್ಲಾಸ್ಟಿಕ್ಕೋ ಅಂಟಿಕೊಂಡಿದೆ ಎಂದು ಅರ್ಥ. ಮಳೆಗಾಲದ ಹೊಳೆ ಕಡಲಿಗೆ ತರುವ ಕಸದಲ್ಲಿ ಘಟ್ಟದ ಮೇಲಿನ ನಮ್ಮ ಅಂಗಡಿಗಳ ಚೀಲಗಳೂ ಇರುತ್ತವೆಂಬುದನ್ನು ಇಲ್ಲಿ ಹೇಳದೆ ಬಿಡಲಾರೆ. ಒಂದು ಚೀಲ ಎರಡೂ ಎಂಜಿನುಗಳನ್ನು ಮುಚ್ಚಲಾರದು. ಅಳಿವೆಯ ತುಂಬ ತೇಲುವ ನೂರು ಚೀಲಗಳು ಮುಚ್ಚಬಲ್ಲುವು.

ಅಳಿವೆಯ ಮಾತು ಬಂದಿತು. ಹೊಳೆ ತಂದ ಮರಳು ಕಡಲಿನ ಬಾಯಿಯಲ್ಲಿ ದಿಬ್ಬವಾಗಿ ನಿಲ್ಲುವುದು. ಹೊರಗಿನಿಂದ ಬಂದ ತೆರೆ ಅಲ್ಲಿ ಆಳ ಸಾಲದೆ ತಲೆಯೆತ್ತಿ ಮುರಿಯುವುದು. ಎದುರಿನಿಂದ ಮಳೆಯ ನೆರೆ ಬಂದರೆ ತೆರೆ ಇನ್ನೂ ಕಡಿದಾಗುವುದು. ಮಳೆಗಾಲದಲ್ಲಿ, ಜೂನ್ ೧ರಿಂದ ಜುಲೈ ೩೧ರವರೆಗೆ, ನಮ್ಮ ಕರಾವಳಿಯಲ್ಲಿ ದೊಡ್ಡ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ೧೦ ಅಶ್ವಶಕ್ತಿಯವರೆಗಿನ ಎಂಜಿನಿನ ದೋಣಿಗಳಿಗೂ ಸಾಂಪ್ರದಾಯಿಕ ನಾಡದೋಣಿಗಳಿಗೂ ಮಾತ್ರ ಅಪ್ಪಣೆ. ಮೀನಿನ ಸಂತತಿ ಉಳಿಯಲೆಂದು ಮಾಡಿದ ಈ ನಿಯಮ ನ್ಯಾಯವಾದುದೇ. ಆದರೆ ಕಡಲು ಅತ್ಯಂತ ಕೆರಳಿರುವ ಎರಡು ತಿಂಗಳು ಅಳಿವೆಯನ್ನು ದಾಟುವವರು ಅತ್ಯಂತ ಚಿಕ್ಕ ದೋಣಿಯವರೇ ಎಂಬುದೂ ಅದರೊಡನೆಯೇ ಇದೆ. ೨೦೨೫ರ ಜುಲೈ ತಿಂಗಳಿನಲ್ಲಿ ಗಂಗೊಳ್ಳಿಯ ಕಡಲಿನಲ್ಲಿ ನಾಡದೋಣಿಯೊಂದು ಮಗುಚಿ ಮೂವರು ಮೀನುಗಾರರು ಅಸುನೀಗಿದರು.

ಹೊರಗೆ ಹೋಗುವಾಗ ತೆರೆಗಳು ಎದುರಿಗೆ ಕಾಣುತ್ತವೆ. ಮೂತಿಯನ್ನು ತೆರೆಗೆ ನೆಟ್ಟಗೆ ಹಿಡಿದು, ದೊಡ್ಡ ತೆರೆಗಳ ಸಾಲು ಕಳೆದು ಸ್ವಲ್ಪ ಬಿಡುವಾದಾಗ ನುಗ್ಗಬೇಕು. ಅಪಾಯ ಹೆಚ್ಚಿರುವುದು ಒಳಗೆ ಬರುವಾಗ, ಮೀನಿನ ಭಾರವೂ ಮನೆಯ ಆತುರವೂ ಇರುವಾಗ. ಹಿಂದಿನಿಂದ ಬಂದ ತೆರೆ ದೋಣಿಯ ಹಿಂಬದಿಯನ್ನು ಎತ್ತುವುದು; ಫ್ಯಾನು ನೀರನ್ನು ಬಿಡುವುದು; ಮೂತಿ ಕೆಳಗೆ ನಾಟಿಕೊಂಡು ದೋಣಿ ಅಡ್ಡಲಾಗುವುದು; ಮುಂದಿನ ತೆರೆ ಅದನ್ನು ಮಗುಚುವುದು. ಇಷ್ಟಕ್ಕೆಲ್ಲ ಹತ್ತು ಎಣಿಸುವಷ್ಟು ಹೊತ್ತೂ ಬೇಡ. ಆದುದರಿಂದ ಅನುಭವಿಗಳು ಒಂದು ತೆರೆಯ ಬೆನ್ನನ್ನು ಹಿಡಿದು, ಅದರ ಶಿಖರವನ್ನು ದಾಟದೆ, ಹಿಂದಿನ ತೆರೆಗೆ ಸಿಕ್ಕದೆ, ಅದರ ವೇಗದಲ್ಲಿಯೇ ಒಳಗೆ ಬರುವರು.

ಇಲ್ಲಿ ಹೊಸಬನ ಕೈ ಎರಡು ತಪ್ಪುಗಳನ್ನು ಮಾಡುವುದು. ಹೆದರಿಕೆಯಿಂದ ವೇಗವನ್ನು ಪೂರ್ತಿ ತಗ್ಗಿಸುವುದು ಒಂದು. ಫ್ಯಾನು ತಳ್ಳದಿದ್ದರೆ ಚುಕ್ಕಾಣಿಯಿಲ್ಲವೆಂದು ಮೇಲೆ ಹೇಳಿದೆನಷ್ಟೆ. ಹಿಡಿತ ಎಲ್ಲಕ್ಕಿಂತ ಹೆಚ್ಚು ಬೇಕಾದ ಗಳಿಗೆಯಲ್ಲಿ ಅವನು ಅದನ್ನು ತಾನೇ ಕೈಬಿಟ್ಟಂತಾಯಿತು. ಇನ್ನೊಂದು, ಬಂದರಿನಲ್ಲಿ ಕಲಿತ ಬುಗುರಿಯ ವಿದ್ಯೆಯನ್ನು ಅಳಿವೆಯಲ್ಲಿ ಪ್ರಯೋಗಿಸುವುದು. ತೆರೆಯ ಮೇಲೆ ಒಂದು ಎಂಜಿನನ್ನು ಹಿಂದಕ್ಕೆ ಹಾಕಿದರೆ ದೋಣಿ ನಿಂತಲ್ಲಿ ತಿರುಗುವುದು ನಿಜವೇ, ಆದರೆ ತಿರುಗಿ ನಿಲ್ಲುವುದು ತೆರೆಗೆ ಅಡ್ಡಲಾಗಿ. ಅಳಿವೆಯಲ್ಲಿ ಎರಡೂ ಎಂಜಿನುಗಳು ಒಂದೇ ಸಮನಾಗಿ ಮುಂದಕ್ಕೇ ತಳ್ಳುತ್ತಿರಬೇಕು. ಸಣ್ಣ ತಿದ್ದುಪಡಿಯನ್ನು ಹಿಡಿಯಿಂದ ಮಾಡಬೇಕು. ಎರಡಿದ್ದುದರ ಪ್ರಯೋಜನ ಇಲ್ಲಿ ತಿರುಗುವುದರಲ್ಲಿ ಅಲ್ಲ. ಒಂದು ಕೆಮ್ಮಿದರೂ ಇನ್ನೊಂದು ಮೂತಿಯನ್ನು ನೆಟ್ಟಗೆ ಇಟ್ಟೀತು ಎಂಬುದರಲ್ಲಿ. ಆದುದರಿಂದಲೇ ದಿಬ್ಬವನ್ನು ಮುಟ್ಟುವ ಮೊದಲು, ಶಾಂತವಾದ ನೀರಿನಲ್ಲಿ, ಎರಡು ಪಿಚಕಾರಿಗಳೂ ಚಿಮ್ಮುತ್ತಿವೆಯೇ, ಎರಡು ಡಬ್ಬಗಳಲ್ಲಿಯೂ ಎಣ್ಣೆಯಿದೆಯೇ ಎಂದು ನೋಡಿಕೊಳ್ಳುವ ತಾಂಡೇಲನನ್ನು ಪುಕ್ಕಲನೆಂದು ಯಾರೂ ನಗಬಾರದು.

ಎಂಜಿನಿನ ಗುಂಡಿಯಿಂದ ನಡೆಸುವವನ ಮಣಿಕಟ್ಟಿಗೆ ಕಟ್ಟುವ ಸುರುಳಿಯ ದಾರವೊಂದುಂಟು. ಅವನು ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನು ನಿಲ್ಲುವುದು. ಇಲ್ಲವಾದರೆ ಆಳಿಲ್ಲದ ದೋಣಿ ಸುತ್ತು ತಿರುಗಿ ಬಿದ್ದವನ ಮೇಲೆಯೇ ಬರುವುದು. ಎಂಜಿನು ಎರಡಾದರೆ ದಾರವೂ ಎರಡನ್ನೂ ನಿಲ್ಲಿಸುವಂತಿರಬೇಕು. ಕೈಗೆ ಅಡ್ಡವಾಗುತ್ತದೆಂದು ಅದನ್ನು ಮೊಳೆಗೆ ಸಿಕ್ಕಿಸಿ ಬಿಡುವುದು ಅನೇಕರ ಅಭ್ಯಾಸ. ಜೀವರಕ್ಷಕ ಅಂಗಿಯನ್ನು ತಲೆದಿಂಬಾಗಿ ಮಾಡಿಕೊಳ್ಳುವುದೂ ಹಾಗೆಯೇ.

ಹೊರದೇಶದ ವಿಲಾಸದೋಣಿಗಳಲ್ಲಿ ಈಚಿನ ವರ್ಷಗಳಲ್ಲಿ ಮೂರು ನಾಲ್ಕು ಔಟ್‌ಬೋರ್ಡುಗಳನ್ನು ಸಾಲಾಗಿ ಕಟ್ಟಿ, ಪ್ರತಿಯೊಂದನ್ನೂ ಗಣಕಯಂತ್ರವೇ ಬೇರೆ ಬೇರೆ ಕೋನಕ್ಕೆ ತಿರುಗಿಸುವ ಏರ್ಪಾಡು ಬಂದಿದೆ. ನಡೆಸುವವನು ಸಣ್ಣ ಕಡ್ಡಿಯೊಂದನ್ನು ಪಕ್ಕಕ್ಕೆ ಬಾಗಿಸಿದರೆ ದೋಣಿ ಏಡಿಯಂತೆ ಪಕ್ಕಕ್ಕೇ ಸರಿಯುವುದು. ಅದರ ಒಳಗೆ ನಡೆಯುವ ಕೆಲಸ ಮಾತ್ರ ಎಡಗೋಲು ಬಲಗೋಲುಗಳದೇ.

ದಡಕ್ಕೆ ಬಂದ ಮೇಲೂ ಕೆಲಸ ಮುಗಿಯದು. ಸೀಮೆಎಣ್ಣೆಯ ಎಂಜಿನನ್ನು ಪೆಟ್ರೋಲಿನಿಂದ ಹಚ್ಚಿ, ಕಾವೇರಿದ ಮೇಲೆ ಸೀಮೆಎಣ್ಣೆಗೆ ತಿರುಗಿಸುವರು. ನಿಲ್ಲಿಸುವ ಮುನ್ನ ಕೆಲವು ನಿಮಿಷ ಮತ್ತೆ ಪೆಟ್ರೋಲಿನಲ್ಲಿ ಓಡಿಸದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆಯೇ ಉಳಿದು, ಮರುದಿನ ನಸುಕಿನಲ್ಲಿ ಹಗ್ಗವನ್ನು ಎಷ್ಟು ಎಳೆದರೂ ಎಂಜಿನು ಏಳದು. ಆಮೇಲೆ ಎರಡನ್ನೂ ಬಿಚ್ಚಿ ತಂದು, ಒಂದೊಂದರ ಕಾಲನ್ನೂ ಸಿಹಿನೀರು ತುಂಬಿದ ಪೀಪಾಯಿಯಲ್ಲಿ ಮುಳುಗಿಸಿ, ಒಡಲಿನ ಉಪ್ಪೆಲ್ಲ ತೊಳೆದುಹೋಗುವವರೆಗೆ ಮೆಲ್ಲನೆ ಓಡಿಸಬೇಕು.